ಮುಖ ನೋಡಿ ಕೊಟ್ಟ ಅನುಮತಿ

ಈ ಪ್ರವಚನದಲ್ಲಿ ದಾನದ ಮಾತು ಬಂದಿತ್ತು. ಕೊಡುವವನು ದೊಡ್ಡವನು, ಪಡೆಯುವವನು ಋಣಿ ಎಂದಾಗ ನೀವೆಲ್ಲ ತಲೆಯಾಡಿಸಿದಿರಿ. ಆಡಿಸಬೇಡಿ. ನಮ್ಮ ತಲೆಗಳಿಗೆ ಆ ಅಭ್ಯಾಸ ಬಹಳ ಹಳೆಯದು, ಕುತ್ತಿಗೆ ತಾನಾಗಿಯೇ ಬಾಗುತ್ತದೆ. ಕೊಟ್ಟವನು ಏನು ಕೊಟ್ಟ ಎಂಬುದನ್ನು ನಾವು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಪಡೆದವರು ಅದಕ್ಕೆ ಪ್ರತಿಯಾಗಿ ಏನನ್ನು ಬಿಟ್ಟುಕೊಟ್ಟರು ಎಂದು ಯಾವ ಕಲ್ಲಿನಲ್ಲಾದರೂ ಓದಿದ್ದೀರಾ? ಇಲ್ಲ. ಇವತ್ತು ಅದನ್ನೇ ಹೇಳುತ್ತೇನೆ. ಇದಕ್ಕೊಂದು ದೃಷ್ಟಾಂತ ಇದೆ. ರಾಜ, ಮಂತ್ರಿ, ಕಾಡು, ಹುಲಿ ಯಾವುದೂ ಇದರಲ್ಲಿ ಬರುವುದಿಲ್ಲ. ಒಂದು ವೆಬ್‌ಸೈಟು ಬರುತ್ತದೆ. ನಗಬೇಡಿ ತಾಯಂದಿರೇ. ಮೊಬೈಲು ನಿಮ್ಮ ಸೆರಗಿನ ಗಂಟಿನಲ್ಲೂ ಇದೆ.

ಶ್ರೀಮಂತನಿಲ್ಲದ ಊರು ಯಾವುದಿದೆ ಹೇಳಿ? ಆದ್ದರಿಂದ ಊರಿನ ಹೆಸರು ಬೇಡ. ಅಲ್ಲಿಯೂ ಒಬ್ಬನಿದ್ದ. ಸಿಮೆಂಟ್ ಏಜೆನ್ಸಿ ಅವನದು. ನೋಡಿ, ಮೊದಲೇ ಹೇಳಿಬಿಡುತ್ತೇನೆ, ಅವನು ಕೆಟ್ಟವನಲ್ಲ. ಅವನನ್ನು ಬೈದು ಮನೆಗೆ ಹೋಗಿ ಹಗುರವಾಗಿ ಮಲಗುವ ಅವಕಾಶವನ್ನು ನಿಮಗೆ ಕೊಡುವುದಿಲ್ಲ.

ಆ ಊರಿನಲ್ಲಿ ತೊಗರಿ ಬೇಳೆಯ ಮಿಲ್ಲುಗಳು ಸಾಲಾಗಿ ಇದ್ದವು. ಮಿಲ್ಲಿನ ಕಾರ್ಮಿಕರದ್ದೊಂದು ಸಂಘ ಇತ್ತು. ಸಂಘದ ಕಾರ್ಯದರ್ಶಿ ಧರ್ಮಣ್ಣ. ಪ್ರಾಮಾಣಿಕ ಮನುಷ್ಯ. ಬೀದಿಯಲ್ಲಿ ಲಾಠಿ ಏಟು ತಿಂದವನು, ಮಿಲ್ ಮಾಲೀಕರ ಮುಖಕ್ಕೆ ಬೆರಳು ತೋರಿಸಿ ಮಾತಾಡಿದವನು. ಶತ್ರುವಿನ ಮುಂದೆ ಅವನು ಸಿಂಹ. ದಾನಿಯ ಮುಂದೆ? ಅದನ್ನು ಮುಂದೆ ಹೇಳುತ್ತೇನೆ. ಶತ್ರುವಿನ ಮುಂದೆ ನಿಲ್ಲುವುದು ಸುಲಭ. ಉಪಕಾರ ಮಾಡಿದವನ ಮುಂದೆ ಬೆನ್ನು ನೆಟ್ಟಗೆ ಇಟ್ಟುಕೊಂಡು ನಿಲ್ಲುವುದಿದೆಯಲ್ಲ, ಅದು ಕಷ್ಟ.

ಸಂಘಕ್ಕೆ ಒಂದು ವೆಬ್‌ಸೈಟು ಬೇಕು ಎಂದು ಧರ್ಮಣ್ಣನಿಗೆ ಅನ್ನಿಸಿತು. ಮಿಲ್ಲುಗಳಲ್ಲಿ ಕೈ ಕಳೆದುಕೊಂಡವರು, ದೂಳಿನಿಂದ ಎದೆ ಕಟ್ಟಿದವರು, ಅವರ ಮಾತು, ಅವರ ಫೋಟೋ ಎಲ್ಲವೂ ಒಂದು ಕಡೆ ಇರಬೇಕು, ಯಾರ ಮನೆಯ ಟ್ರಂಕಿನಲ್ಲೂ ಇಲಿ ಕಡಿದು ಹೋಗಬಾರದು ಎಂದು. ಒಳ್ಳೆಯ ಆಸೆ. ಸಿಮೆಂಟಿನ ಶ್ರೀಮಂತ ಸಂಗತಿ ಕೇಳಿ, "ಅಷ್ಟೇ ಏನು? ಅದರ ಖರ್ಚು ನಂದು," ಎಂದ. ಅಂದರೆ, ವೆಬ್‌ಸೈಟು ಇರುವುದಕ್ಕೆ ದೂರದ ಯಾವುದೋ ದೊಡ್ಡ ಕಂಪ್ಯೂಟರಿನಲ್ಲಿ ಜಾಗವನ್ನು ಬಾಡಿಗೆಗೆ ಹಿಡಿಯಬೇಕು. ಆ ಬಾಡಿಗೆ ಅವನು ಕೊಟ್ಟ. ಕೇಳದೆಯೇ ಕೊಟ್ಟ. ಸಂಘದ ಕಚೇರಿಯಲ್ಲಿ ಅವನಿಗಾಗಿ ಒಂದು ಪ್ಲಾಸ್ಟಿಕ್ ಕುರ್ಚಿಗೆ ಬಿಳಿಯ ಟವಲು ಹಾಸಿದರು. ಅವನು ಬರುವುದು ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಕೈ ಮುರಿದವರೂ ನಿಂತೇ ಇರುತ್ತಿದ್ದರು, ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ.

ವೆಬ್‌ಸೈಟು ಕಟ್ಟಿಕೊಟ್ಟವಳು ನಸೀಮಾ. ತಾಲೂಕು ಕಚೇರಿಯ ಎದುರು ಅವಳದ್ದೊಂದು ಕಂಪ್ಯೂಟರ್ ಅಂಗಡಿ. ಮದುವೆ ಕಾರ್ಡು, ಆಧಾರ್ ತಿದ್ದುಪಡಿ, ಶಾಲೆಗಳ ವೆಬ್‌ಸೈಟು ಎಲ್ಲ ಮಾಡುತ್ತಿದ್ದಳು. ಕೆಲಸ ಮುಗಿಸಿ ಕೊನೆಗೆ ಸಂಘದ ಕಚೇರಿಗೆ ಬಂದು ಒಂದು ಪ್ರಶ್ನೆ ಕೇಳಿದಳು. ಈ ಕಥೆಯೆಲ್ಲ ನಿಂತಿರುವುದು ಆ ಪ್ರಶ್ನೆಯ ಮೇಲೆ, ಚೆನ್ನಾಗಿ ಕೇಳಿಸಿಕೊಳ್ಳಿ.

"ಅಣ್ಣಾರ, ಯಾರ್ ಯಾರಿಗೆ ಎಷ್ಟೆಷ್ಟು ಅನುಮತಿ ಕೊಡ್ಲಿ?"

ಏನದು? ಇಲ್ಲಿಯ ಕಂಪ್ಯೂಟರಿನಿಂದ ಆ ದೂರದ ಕಂಪ್ಯೂಟರಿಗೆ ಫೈಲು ಸಾಗಿಸಲು ಒಂದು ದಾರಿ ಇರುತ್ತದೆ. ಆ ದಾರಿಯಲ್ಲಿ ಹೋಗಲು ಪ್ರತಿಯೊಬ್ಬರಿಗೂ ಒಂದು ಖಾತೆ, ಒಂದು ಪಾಸ್‌ವರ್ಡು. ಒಳಗೆ ಹೋದ ಮೇಲೆ ಒಬ್ಬ ಬರೀ ನೋಡಬಹುದು. ಇನ್ನೊಬ್ಬ ಹೊಸದನ್ನು ಇಡಬಹುದು. ಮತ್ತೊಬ್ಬ ಇದ್ದದ್ದನ್ನು ಅಳಿಸಲೂಬಹುದು. ಒಬ್ಬನಿಗೆ ಒಂದೇ ಕೋಣೆ ತೆರೆಯಬಹುದು, ಇನ್ನೊಬ್ಬನಿಗೆ ಇಡೀ ಮನೆ. ಅದನ್ನೆಲ್ಲ ಕಂಪ್ಯೂಟರು ತಾನಾಗಿ ತೀರ್ಮಾನಿಸುವುದಿಲ್ಲ. ಅದಕ್ಕೆ ಜಾತಿ ಗೊತ್ತಿಲ್ಲ, ಸಿಮೆಂಟು ಗೊತ್ತಿಲ್ಲ, ಟವಲು ಹಾಸಿದ ಕುರ್ಚಿ ಗೊತ್ತಿಲ್ಲ. ಅದು ಸುಮ್ಮನೆ ಕೇಳುತ್ತದೆ: ಒಡೆಯ ಯಾರು, ಜೊತೆಯವರು ಯಾರು, ಹೊರಗಿನವರು ಯಾರು? ಉತ್ತರ ನಾವು ಕೊಡಬೇಕು. ನಾವು ಏನು ಉತ್ತರ ಕೊಟ್ಟೆವು? ನಮ್ಮ ಅಜ್ಜಂದಿರು ಊರ ಬಾವಿಯ ಬಗ್ಗೆ ಕೊಟ್ಟ ಉತ್ತರವನ್ನೇ ಕೊಟ್ಟೆವು.

"ಧಣ್ಯಾರಿಗೆ ಪೂರಾ ಕೊಡು," ಎಂದ ಧರ್ಮಣ್ಣ. ಸಿಮೆಂಟಿನವನು ಊರಿಗೆಲ್ಲ ಧಣಿ.

"ಪೂರಾ ಯಾಕ್ರೀ ಅಣ್ಣಾರ? ಅವರು ಇಲ್ಲಿ ಕೆಲಸ ಏನೂ ಮಾಡಂಗಿಲ್ಲ. ಅವರ ಫೋಟೋ ಗೀಟೋ ಹಾಕ್ಕೊಳ್ಳಾಕ ಒಂದು ಫೋಲ್ಡರ್ ಬ್ಯಾರೆ ಮಾಡ್ತೀನಿ. ಖಾತೆ ಅಲ್ಲೇ ತೆರೀತದ, ಹೊರಗ ದಾಟಂಗಿಲ್ಲ. ಜಾಗಕ್ಕೂ ಒಂದು ಮಿತಿ ಹಾಕ್ತೀನಿ."

"ಏನ್ ಮಾತಾಡ್ತೀಯವ್ವಾ? ಬಾಡಿಗಿ ಕೊಟ್ಟವರನ್ನ ಪಡಸಾಲ್ಯಾಗ ಕೂಡಿಸಿ ನಡುಮನಿ ಬಾಗಿಲು ಹಾಕಂತಿಯೇನು?"

"ಬಾಗಿಲು ಹಾಕಾದಲ್ರೀ, ಪದ್ಧತಿ ಅದು. ಯಾರ ಕೆಲಸ ಎಷ್ಟೋ ಅಷ್ಟೇ..."

"ದೊಡ್ಡವರಿಗೆ ಅರ್ಧ ಕೊಡಬಾರದು. ಕೊಟ್ರ ಪೂರಾ ಕೊಡಬೇಕು. ಅರ್ಧ ಎಲಿ ಅರ್ಧ ಅಡಿಕಿ ಯಾರ ಕೈಗೆ ಕೊಡ್ತಾರ? ಭಿಕ್ಷುಕಗೂ ಕೊಡಂಗಿಲ್ಲ."

ಸುತ್ತ ಕೂತವರು ನಕ್ಕರು. ಎಷ್ಟು ಚಂದದ ಮಾತು! ನಮ್ಮಲ್ಲಿ ಮರ್ಯಾದೆಯ ಮಾತುಗಳೆಲ್ಲ ಎಷ್ಟು ಚಂದ! ನಸೀಮಾಗೆ ಇದು ತಪ್ಪು ಎಂದು ಗೊತ್ತಿತ್ತು. ಆದರೆ ಅಂಗಡಿಯ ಮುಂದೆ ಮೂರು ಮದುವೆಯವರು ಕಾರ್ಡಿಗಾಗಿ ಕಾಯುತ್ತಿದ್ದರು. "ಆಯ್ತು ಬಿಡ್ರಿ, ನಿಮ್ಮ ಮನಿ, ನಿಮ್ಮ ಇಷ್ಟ," ಎಂದು ಗುಂಡಿ ಒತ್ತಿದಳು. ಧಣಿಯ ಖಾತೆಗೆ ಎಲ್ಲವೂ ಬಂತು: ನೋಡುವುದು, ಇಡುವುದು, ಅಳಿಸುವುದು, ಮನೆಯ ಎಲ್ಲ ಕೋಣೆ. ಧಣಿ ಆ ಪಾಸ್‌ವರ್ಡನ್ನು ತನ್ನ ಅಕ್ಕನ ಮಗನಿಗೆ ಕಳಿಸಿದ. ಹಸನ್ಮುಖದ ಹುಡುಗ, ಮಾವನ ಫೋಟೋಗಳನ್ನು ಎಲ್ಲೆಲ್ಲಿ ಹಾಕಬೇಕೋ ಅಲ್ಲೆಲ್ಲ ಹಾಕುವುದು ಅವನ ಕೆಲಸ.

ಇನ್ನು ತಿಪ್ಪವ್ವನ ಮಾತಿಗೆ ಬರುತ್ತೇನೆ.

ತಿಪ್ಪವ್ವ ವಿಧವೆ. ಅವಳಿಗೆ ಒಬ್ಬಳೇ ಮಗಳು, ಯಶೋಧರಾ. ತಾಯಿ ಮಗಳಿಬ್ಬರೂ ಬೇಳೆ ಮಿಲ್ಲಿಗೆ ಹೋಗುತ್ತಿದ್ದರು. ತಾಯಿ ಹೊರಗೆ ಕಾಳು ಹಸನು ಮಾಡುವ ಕಡೆ, ಮಗಳು ಒಳಗೆ ಯಂತ್ರದ ಕಡೆ. ಯಂತ್ರದ ಬೆಲ್ಟಿಗೆ ಒಂದು ಕಬ್ಬಿಣದ ಜಾಲರಿ ಇರಬೇಕು, ಬಟ್ಟೆ ಕೂದಲು ಸಿಗದಂತೆ. ಒಂದು ದಿನ ಆ ಬೆಲ್ಟು ಹುಡುಗಿಯ ವೇಲನ್ನು ಹಿಡಿಯಿತು. ಹೆಚ್ಚು ಹೇಳುವುದಿಲ್ಲ. ಮಕ್ಕಳು ಕೂತಿದ್ದಾರೆ.

ಆಸ್ಪತ್ರೆಯಲ್ಲಿ ಅವಳಿಗೆ ಮಾತಿತ್ತು. ಧರ್ಮಣ್ಣ ತನ್ನ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ ಹಿಡಿದ. ಅವಳು ಹೇಳಿದಳು: "ಜಾಲರಿ ಬಿಚ್ಚಿಸಿದ್ರು ಅಣ್ಣ. ಜಾಲರಿ ಇದ್ರ ಬ್ಯಾಳಿ ಸಿಕ್ಕೊಂಡು ಮಷೀನ್ ನಿಲ್ತದ ಅಂತ ಸೂಪರ್‌ವೈಸರ್ ಬಿಚ್ಚಿಸಿದ. ಹಾಕ್ರಿ ಹಾಕ್ರಿ ಅಂತ ದಿನಾ ಅಂತಿದ್ವಿ. ನಾ ವೇಲ್ ಬಿಗದು ಕಟ್ಟೀನಿ. ಅವ್ವಾ, ನಾ ಬಿಗದೇ ಕಟ್ಟಿದ್ದೆ." ಇಷ್ಟೇ. ಕೊನೆಯ ಮಾತು ತಾಯಿಗೆ ಹೇಳಿದ್ದು. ಅದಾದ ಮೇಲೆ ಅವಳು ಮಾತಾಡಲಿಲ್ಲ.

ಇನ್‌ಸ್ಪೆಕ್ಟರು ಬರುವ ಹೊತ್ತಿಗೆ ಜಾಲರಿ ಅದರ ಜಾಗದಲ್ಲಿ ಹೊಳೆಯುತ್ತಿತ್ತು. ಮಿಲ್ಲಿನವರು ಏನಂದರು? ಹುಡುಗಿಯದೇ ನಿರ್ಲಕ್ಷ್ಯ, ವೇಲು ಜೋತುಬಿಟ್ಟುಕೊಂಡು ಮೊಬೈಲು ನೋಡುತ್ತಿದ್ದಳು ಎಂದರು. ಜೊತೆಗೆ ಕೆಲಸ ಮಾಡುತ್ತಿದ್ದವರು? ಅವರು ಮಾರನೆಯ ದಿನ ಅದೇ ಯಂತ್ರದ ಮುಂದೆ ನಿಲ್ಲಬೇಕಿತ್ತು. ಬಾಯಿ ಮುಚ್ಚಿಕೊಂಡರು. ಅವರನ್ನು ಬೈಯಲು ನನಗೆ ನಾಲಿಗೆ ಏಳುವುದಿಲ್ಲ. ಒಟ್ಟಿನಲ್ಲಿ, ಆ ಹುಡುಗಿಯ ತಪ್ಪಿಲ್ಲ ಎಂದು ಹೇಳುವ ದನಿ ಈ ಭೂಮಿಯ ಮೇಲೆ ಒಂದೇ ಉಳಿದಿತ್ತು. ಅವಳದೇ ದನಿ.

ಅದನ್ನು ಸಂಘದ ವೆಬ್‌ಸೈಟಿನಲ್ಲಿ ‘ಸಾಕ್ಷಿ’ ಎಂಬ ಫೋಲ್ಡರಿನಲ್ಲಿ ಇಟ್ಟರು. ವಿಚಾರಣೆ ಆಗುವ ತನಕ ಮೊಬೈಲಿನಿಂದ ಮೊಬೈಲಿಗೆ ಹರಿದಾಡಬಾರದು, ಹರಿದಾಡಿದರೆ ಕಟ್ಟುಕಥೆ ಅನ್ನುತ್ತಾರೆ ಎಂದು ಸಂಘದ ವಕೀಲರು ಎಚ್ಚರಿಸಿದ್ದರು. ಅದಕ್ಕೇ ಖಾತೆ ಇದ್ದವರಿಗೆ ಮಾತ್ರ ಕಾಣುವಂತೆ ನಸೀಮಾ ಭದ್ರ ಮಾಡಿದಳು. ಧರ್ಮಣ್ಣನ ಮೊಬೈಲು ತುಂಬಿತ್ತು, ಅದರಲ್ಲಿದ್ದದ್ದನ್ನು ಅಳಿಸಿದ. "ಸೈಟಿನಾಗ ಅದಲ್ಲ." ನಸೀಮಾ ತನ್ನ ಅಂಗಡಿಯ ಕಂಪ್ಯೂಟರಿನಿಂದ ತೆಗೆದಳು. "ಸೈಟಿನಾಗ ಅದಲ್ಲ." ವಕೀಲರು ಪ್ರತಿ ತೆಗೆದಿಟ್ಟುಕೊಳ್ಳಲಿಲ್ಲವೇ ಎಂದು ನೀವು ಕೇಳುತ್ತೀರಿ. ಅವರೂ ನಮ್ಮವರೇ ಅಲ್ಲವೇ? ಅವರೂ ಅಂದರು, "ಸೈಟಿನಾಗ ಅದಲ್ಲ, ಆ ದಿವಸ ಅಲ್ಲೇ ತೆರದು ಕೇಳಸೋಣ."

ತಿಪ್ಪವ್ವ ಒಂದು ದಿನ ಕಚೇರಿಗೆ ಬಂದಳು. ನೆಲದ ಮೇಲೆ ಕೂತಳು.

"ತಮ್ಮಾ ಧರ್ಮಣ್ಣ, ನನ್ನ ಮಗಳ ದನಿಗೆ ಯಾರು ಹಕ್ಕುದಾರ್ರು?"

"ಸಂಘ ಅದಲ್ಲ ಯಕ್ಕಾ. ನಾವೆಲ್ಲಾರೂ ಇದ್ದೀವಿ."

"ಎಲ್ಲಾರೂ ಅಂದ್ರ ಯಾರೂ ಅಲ್ಲೋ. ನನ್ನ ಹೆಸರಿಗೆ ಮಾಡು. ನಾ ಹೂಂ ಅನ್ನೂತನ ಯಾರೂ ಅದನ್ನ ಮುಟ್ಟಬಾರದು, ಹಂಗ ಮಾಡಾಕ ಬರ್ತದಂತ. ನಸೀಮಾ ಅಂದ್ಲು."

ಧರ್ಮಣ್ಣ ಪ್ರೀತಿಯಿಂದಲೇ ನಕ್ಕ. "ಯಕ್ಕಾ, ನಿನಗ ಓದಾಕ ಬರಂಗಿಲ್ಲ. ಅಳಸೂ ಗುಂಡಿ ಯಾವದು, ಇಡೂ ಗುಂಡಿ ಯಾವದು ತಿಳೀತದೇನು? ಒತ್ತಬಾರದ್ದು ಒತ್ತಿಬಿಟ್ಟಿ ಅಂದ್ರ? ನಿನಗ ಬರೇ ನೋಡೂ ಖಾತೆ ಮಾಡಿಸಿಕೊಡ್ತೀನಿ. ಬೇಕಾದಾಗ ಕೇಳು."

"ನಾ ಯಾಕ ಅಳಸಲೋ? ಹಡದಾಕಿ ಅಳಸ್ತಾಳೇನು?"

ಆದರೂ ಅವಳಿಗೆ ಸಿಕ್ಕಿದ್ದು ನೋಡುವ ಖಾತೆಯೇ. ಈಗ ಲೆಕ್ಕ ಹಾಕಿ ನೋಡಿ. ಒಮ್ಮೆಯೂ ಆ ದನಿಯನ್ನು ಕೇಳದವನಿಗೆ ಅದನ್ನು ಅಳಿಸುವ ಅಧಿಕಾರ ಇತ್ತು. ಆ ದನಿಯನ್ನು ಹೊಟ್ಟೆಯಲ್ಲಿ ಹೊತ್ತವಳಿಗೆ ಅದನ್ನು ಕಾಯುವ ಅಧಿಕಾರ ಇರಲಿಲ್ಲ. ಯಾರು ಹೀಗೆ ಮಾಡಿದರು? ಬ್ರಿಟಿಷರೇ? ಮಿಲ್ ಮಾಲೀಕರೇ? ಕಾರ್ಮಿಕರ ಸಂಘ! ಸಮಾನತೆಯ ಹಾಡು ಹಾಡಿ ಸಭೆ ಶುರು ಮಾಡುವ ಸಂಘ! ಕೆಲಸ ನೋಡಿ ಕೊಡಬೇಕಾದ ಅನುಮತಿಯನ್ನು ಮುಖ ನೋಡಿ ಕೊಟ್ಟರು. ಒಂದು ಮುಖ ಕಂಡಾಗ ಕೈ ಎಲ್ಲವನ್ನೂ ಕೊಟ್ಟಿತು. ಇನ್ನೊಂದು ಮುಖ ಕಂಡಾಗ ಅದೇ ಕೈ ಹಿಂದೆ ಸರಿಯಿತು.

ತಿಪ್ಪವ್ವ ಆ ದನಿಯನ್ನು ಒಮ್ಮೆ ಕೇಳಿದಳು, ನಸೀಮಾಳ ಅಂಗಡಿಯಲ್ಲಿ. ಮತ್ತೆ ಕೇಳಲಿಲ್ಲ. ನಸೀಮಾ ಕರೆದರೂ ಬರಲಿಲ್ಲ.

"ಯಾಕವ್ವಾ, ಬ್ಯಾಡೇನು?"

"ಬ್ಯಾಡವ್ವಾ. ಬಳಸಿದ್ರ ಸವೀತದ. ಹಳೀ ಕ್ಯಾಸೆಟ್ಟು ಕೇಳಿ ಕೇಳಿ ಕರಕರ ಅಂತಿದ್ವಲ್ಲ, ಹಂಗ. ವಿಚಾರಣಿ ದಿವಸಕ್ಕ ಗಟ್ಟಿ ಇರಲಿ."

ಸವೆಯುವುದಿಲ್ಲ ಎಂದು ನಸೀಮಾ ಹೇಳಬಹುದಿತ್ತು. ಹೇಳಿದಳೋ ಇಲ್ಲವೋ. ಹೇಳಿದರೂ ಆ ತಾಯಿ ನಂಬುತ್ತಿರಲಿಲ್ಲ. ಬದುಕಿನಲ್ಲಿ ಅವಳು ಬಳಸಿದ್ದೆಲ್ಲ ಸವೆದಿತ್ತು.

ಈ ನಡುವೆ ಧಣಿಯ ಹುಟ್ಟುಹಬ್ಬ ಬಂತು.

ನಿಮಗೆ ಗೊತ್ತಿದೆ ಹುಟ್ಟುಹಬ್ಬ ಅಂದರೆ ಏನು ಎಂದು. ವೃತ್ತದಲ್ಲಿ ಆಳೆತ್ತರದ ಫ್ಲೆಕ್ಸು, ಕಪ್ಪು ಕನ್ನಡಕ, ಜೆಸಿಬಿಯಿಂದ ಹೂ ಸುರಿಯುವುದು, ಮೇಲೆ ಡ್ರೋನು. ಅಕ್ಕನ ಮಗ ಆ ಎಲ್ಲವನ್ನೂ ಸೇರಿಸಿ ಒಂದು ವಿಡಿಯೋ ಮಾಡಿಸಿದ. ಅದಕ್ಕೊಂದು ಹಾಡು, ‘ಊರ ಬೆಳಕೇ ನಮ್ಮ ಧಣಿ’ ಎಂದು ಕುಣಿಯುವ ಹಾಡು. ಅದನ್ನು ಕಾರ್ಮಿಕರ ವೆಬ್‌ಸೈಟಿನ ಮೊದಲ ಪುಟದಲ್ಲಿ ಹಾಕಲು ಹೋದ. ತೆರೆದ ಕೂಡಲೇ ತಾನಾಗಿ ಕುಣಿಯಬೇಕು ಎಂದು. ಜಾಗ ಸಾಲಲಿಲ್ಲ. ಒಳಗೆ ಹೋಗಿ ನೋಡಿದ. ‘ಸಾಕ್ಷಿ’ ಎಂಬ ಫೋಲ್ಡರು ಕಂಡಿತು. ಬಹಳ ದಿನದಿಂದ ಯಾರೂ ತೆರೆದಿಲ್ಲ ಎಂದು ಕಂಪ್ಯೂಟರು ತೋರಿಸಿತು. ಅಳಿಸಿದ.

ಅಷ್ಟೇ. ಇದರಲ್ಲಿ ಪಿತೂರಿ ಇಲ್ಲ. ಮಿಲ್ಲಿನವರು ಅವನಿಗೆ ಒಂದು ಚಹಾ ಕೂಡ ಕುಡಿಸಿರಲಿಲ್ಲ. ಪಿತೂರಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಘೋಷಣೆ ಕೂಗಬಹುದಿತ್ತು, ಪ್ರತಿಕೃತಿ ಸುಡಬಹುದಿತ್ತು. ಇಲ್ಲಿ ಸುಡುವುದು ಯಾರನ್ನು? ಕಂಪ್ಯೂಟರು ಅವನನ್ನು ಕೇಳಿತ್ತು ಕೂಡ, ಖಂಡಿತ ಅಳಿಸಲೇ ಎಂದು. ಅವನು ಹೌದು ಎಂದ. ಅವನ ಖಾತೆಗೆ ಹೌದು ಎನ್ನುವ ಅಧಿಕಾರ ಇತ್ತು. ಕೊಟ್ಟವರು ನಾವು.

ವಿಚಾರಣೆಯ ದಿನ ತಿಪ್ಪವ್ವ ಮಗಳ ಸೀರೆಯುಟ್ಟು ಬಂದಿದ್ದಳು. ಅವಘಡದ ವಿಚಾರಣೆ ನಡೆಸುವ ಸರ್ಕಾರಿ ಸಾಹೇಬರ ಕೊಠಡಿಯಲ್ಲಿ ಸಾಹೇಬರು, ಮಿಲ್ಲಿನ ವಕೀಲ, ನಮ್ಮ ವಕೀಲ, ಧರ್ಮಣ್ಣ. ನಮ್ಮ ವಕೀಲರು ಎದ್ದು ನಿಂತು, "ಮೃತಳ ಹೇಳಿಕೆಯೇ ನಮ್ಮ ಸಾಕ್ಷಿ, ಕೇಳಬೇಕು," ಎಂದು ಮೊಬೈಲಿನಲ್ಲಿ ಸೈಟು ತೆರೆದರು. ಎಲ್ಲರಿಗೂ ಕೇಳಲಿ ಎಂದು ದನಿಯನ್ನು ಪೂರ್ತಿ ಏರಿಸಿಯೇ ಇಟ್ಟಿದ್ದರು.

ಡೊಳ್ಳು. ಪೀಪಿ. ‘ಊರ ಬೆಳಕೇ ನಮ್ಮ ಧಣಿ.’

ಗುಮಾಸ್ತ ಕುರ್ಚಿಯಿಂದ ಎದ್ದು ನಿಂತ. ಸಾಹೇಬರು, "ಏನ್ರಿ ಇದು?" ಎಂದರು. ಮಿಲ್ಲಿನ ವಕೀಲ ಕನ್ನಡಕ ಒರೆಸುತ್ತಾ, "ಸಾಹೇಬ್ರ, ಸಾಕ್ಷಿದಾರ್ರು ಬ್ಯಾಂಡ್ ತಗೊಂಡ ಬಂದಾರ್ರಿ," ಎಂದ. ಯಾರೋ ನಕ್ಕರು. ನಮ್ಮ ವಕೀಲರಿಗೆ ಹಾಡು ನಿಲ್ಲಿಸುವ ಗುಂಡಿ ಸಿಗುತ್ತಿರಲಿಲ್ಲ. ಆಗ ತಿಪ್ಪವ್ವ ಕೈ ಮುಗಿದು ಸಾಹೇಬರಿಗೆ ಹೇಳಿದಳು:

"ನಿಂದ್ರಿ ಎಪ್ಪಾ. ಸಿಟ್ಟಾಗಬ್ಯಾಡ್ರಿ. ಈ ಹಾಡು ಮುಗೀಲಿ. ಇದರ ಹಿಂದ ನನ್ನ ಮಗಳು ಮಾತಾಡ್ತಾಳ."

ಹಾಡು ಮುಗಿಯಿತು. ಮಗಳು ಮಾತಾಡಲಿಲ್ಲ. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು.

ಆ ಕೊಠಡಿಯಲ್ಲಿ ಆ ತಾಯಿ ಎರಡನೆಯ ಸಲವೂ ಕಾದಳು.

ನೀವು ಕಣ್ಣೊರೆಸಿಕೊಳ್ಳುತ್ತಿದ್ದೀರಿ. ಒರೆಸಿಕೊಳ್ಳಿ. ಅಳುವುದು ನಮಗೆ ಚೆನ್ನಾಗಿ ಬರುತ್ತದೆ. ಕಥೆ ಇನ್ನೂ ಮುಗಿದಿಲ್ಲ.

ನಸೀಮಾ ಬಾಡಿಗೆ ಕಂಪನಿಗೆ ಫೋನು ಮಾಡಿದಳು. ಹಳೆಯ ಪ್ರತಿಯನ್ನು ಇಟ್ಟುಕೊಳ್ಳುವ ಅವಧಿ ಮುಗಿದುಹೋಗಿದೆ ಎಂದರು. ಬೇಡಿಕೊಂಡಳು. ವಿಷಾದಿಸುತ್ತೇವೆ ಎಂದರು. ಅಳಿಸಿದ ಖಾತೆ ಯಾವುದು ಎಂದು ಮಾತ್ರ ಹೇಳಿದರು. ಅಕ್ಕನ ಮಗನನ್ನು ಕರೆದು ಕೇಳಿದಳು. "ಜಾಗ ಇರಲಿಲ್ಲ ಅಕ್ಕಾ. ಯಾರೂ ತೆರದೇ ಇಲ್ಲ ಅಂತ ತೋರಸ್ತು. ಹಳೀದು ಅನಕೊಂಡೆ," ಎಂದ. ನಿಜವನ್ನೇ ಹೇಳಿದ. ತೆರೆದಿರಲಿಲ್ಲ. ಸವೆಯಬಾರದು ಎಂದು ತಾಯಿ ತೆರೆದಿರಲಿಲ್ಲ.

ಆದೇಶ ಬಂತು. ಅವಘಡಕ್ಕೆ ಮೃತಳ ನಿರ್ಲಕ್ಷ್ಯವೇ ಕಾರಣ ಎಂದು. ತಿಪ್ಪವ್ವನಿಗೆ ಓದಿ ಹೇಳಿದರು. ಪರಿಹಾರ ಎಷ್ಟು ಹೋಯಿತು ಎಂದು ಅವಳು ಕೇಳಲಿಲ್ಲ. "ಬಿಗದು ಕಟ್ಟಿದ್ದಳು ಅಂತ ಎಲ್ಲೂ ಬರದಿಲ್ಲೇನು?" ಎಂದಳು. ಬರೆದಿರಲಿಲ್ಲ. ಇನ್ನು ಬರೆಯುವುದೂ ಇಲ್ಲ. ಸರ್ಕಾರದ ಕಡತದಲ್ಲಿ ಆ ಹುಡುಗಿ ಎಂದೆಂದಿಗೂ ವೇಲು ಜೋತುಬಿಟ್ಟುಕೊಂಡೇ ನಿಂತಿರುತ್ತಾಳೆ.

ಧಣಿಗೆ ಸುದ್ದಿ ಮುಟ್ಟಿತು. ಸಂಘದವರು ಅವನ ಮನೆಗೆ ಹೋದರು. ಜಗಳಕ್ಕೆ ಎಂದುಕೊಂಡಿರಾ? ಅವನಿಗೆ ಬೇಸರವಾಗಿರಬಹುದು, ಸಮಾಧಾನ ಮಾಡೋಣ ಎಂದು ಹೋದರು! ಅವನು ನಿಜಕ್ಕೂ ನೊಂದಿದ್ದ. ಅಕ್ಕನ ಮಗನ ಕೆನ್ನೆಗೆ ಎಲ್ಲರೆದುರು ಹೊಡೆದ. "ಆ ಹುಡುಗಿ ಫೋಟೋ ಕೊಡ್ರಿ, ಸೈಟಿನ ಮೊದಲನೇ ಪುಟದಾಗ ದೊಡ್ಡದಾಗಿ ಹಾಕಸ್ತೀನಿ. ನನ್ನ ಫೋಟೋದ ಬಾಜೂಕ ಹಾಕಸ್ತೀನಿ," ಎಂದ. ಧರ್ಮಣ್ಣ ಹೊರಗೆ ಬಂದು, "ನೋಡ್ರಿ, ಎಂಥಾ ದೊಡ್ಡ ಮನಸ್ಸು," ಎಂದ.

ಆಮೇಲಿನ ಸಭೆಯಲ್ಲಿ ತಿಪ್ಪವ್ವ ಎದ್ದು ನಿಂತಳು. ಅವಳು ಸಭೆಯಲ್ಲಿ ಎದ್ದು ನಿಂತದ್ದು ಅದೇ ಮೊದಲು.

"ನನಗ ಏನೂ ಬ್ಯಾಡ. ಧಣ್ಯಾರ ಕೈಯಾಗಿನ ಆ ಕೀಲಿ ತಗೊಳ್ರಿ. ನಾಳೆ ಇನ್ನೊಬ್ಬಾಕಿ ಮಗಳ ದನಿ ಅಲ್ಲಿ ಇಡ್ತೀರಿ."

ಧರ್ಮಣ್ಣ ನೆಲ ನೋಡಿದ. "ಯಕ್ಕಾ, ಈಗ ತಗೊಂಡ್ರ ಸಿಟ್ಟಿಲೆ ತಗೊಂಡಂಗ ಆಗ್ತದ. ಅವರರ ಏನ ತಿಳಕೋತಾರ? ಸ್ವಲ್ಪ ದಿನ ಹೋಗಲಿ."

"ಮೊದಲ ಯಾಕ ಕೊಟ್ಟಿ ಅಂದ್ರ ಮರ್ಯಾದಿ ಅಂದಿ. ಈಗ ಯಾಕ ತಗೋವಲ್ಲಿ ಅಂದ್ರ ಅದೂ ಮರ್ಯಾದಿ. ನನ್ನ ಮಗಳಿಗೆ ಯಾವಾಗ ಮರ್ಯಾದಿ ಕೊಡ್ತಿ ತಮ್ಮಾ?"

ಸಭೆಯವರು ಮುಂದಿನ ವಿಷಯಕ್ಕೆ ಹೋದರು.

ಕೀಲಿ ಇವತ್ತಿಗೂ ಧಣಿಯ ಮನೆಯಲ್ಲಿದೆ. ತಿಪ್ಪವ್ವನ ಖಾತೆಯೂ ಇದೆ, ಯಾರೂ ಕಿತ್ತುಕೊಂಡಿಲ್ಲ. ನೋಡುವ ಅನುಮತಿ ಅವಳಿಗೆ ಪೂರ್ತಿ ಇದೆ. ನೋಡುವುದಕ್ಕೆ ಏನೂ ಇಲ್ಲ.

ದೃಷ್ಟಾಂತ ಮುಗಿಯಿತು. ಈಗ ನಿಮ್ಮ ಕಡೆಗೆ ತಿರುಗುತ್ತೇನೆ. ಎದ್ದು ಹೋಗಬೇಡಿ, ಪ್ರಸಾದ ಇನ್ನೂ ಬೇಯುತ್ತಿದೆ.

ಈ ಸಭಾಭವನಕ್ಕೂ ಒಂದು ವೆಬ್‌ಸೈಟು ಇದೆ. ನಿಮ್ಮ ಮಕ್ಕಳ ಮದುವೆಯ ನೋಂದಣಿ ಅದರಲ್ಲಿದೆ, ಸತ್ತವರ ಹೆಸರು ಅದರಲ್ಲಿದೆ, ವಿದ್ಯಾರ್ಥಿವೇತನಕ್ಕೆ ಕೊಟ್ಟ ಜಾತಿ ಪ್ರಮಾಣಪತ್ರಗಳು ಅದರಲ್ಲಿವೆ. ಅದರ ಪಾಸ್‌ವರ್ಡು ಯಾರ ಯಾರ ಹತ್ತಿರ ಇದೆ? ಗೊತ್ತಿದ್ದವರು ಕೈ ಎತ್ತಿ. ಎತ್ತಿ, ನೋಡೋಣ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ. ಗೋಡೆ ಸುಣ್ಣಕ್ಕೆ ದುಡ್ಡು ಕೊಟ್ಟವರ ಹತ್ತಿರ ಇದೆ. ಹೋದ ಚುನಾವಣೆಯಲ್ಲಿ ಪಕ್ಷ ಬದಲಿಸಿದವರ ಹತ್ತಿರ ಇದೆ. ಕೆಲಸ ಬಿಟ್ಟು ಬೇರೆ ಊರಿಗೆ ಹೋದವರ ಹತ್ತಿರವೂ ಇದೆ. ದಿನಾ ಇಲ್ಲಿ ಕಸ ಗುಡಿಸಿ, ಬಂದವರ ಹೆಸರು ನೆನಪಿಟ್ಟುಕೊಳ್ಳುವ ಹೆಣ್ಣುಮಗಳ ಹತ್ತಿರ ಇದೆಯೇ? ನೀವು ನಕ್ಕಿರಿ. ಧರ್ಮಣ್ಣನೂ ಹೀಗೇ ನಕ್ಕಿದ್ದ, ಪ್ರೀತಿಯಿಂದ.

ಏನದು, ಹಿಂದೆ ಕೂತ ಹಿರಿಯರು ಏನೋ ಅಂದರು. ಗಟ್ಟಿಯಾಗಿ ಹೇಳಿ.

"ಕೊಟ್ಟದ್ದು ವಾಪಸ್ ಕೇಳಿದ್ರ ಬ್ಯಾಸರ ಮಾಡ್ಕೋತಾರ್ರೀ. ಕಳ್ಳ ಅಂದಂಗ ಆಗ್ತದ."

ಕೇಳಿದಿರಾ? ಇದು ಹಿರಿಯರೊಬ್ಬರ ಮಾತಲ್ಲ, ನಿಮ್ಮೆಲ್ಲರ ಹೊಟ್ಟೆಯೊಳಗಿನ ಮಾತು. ಬೇಸರ ಮಾಡಿಕೊಳ್ಳಲಿ! ಅವರ ಬೇಸರ ಒಂದು ವಾರ ಇರುತ್ತದೆ. ತಿಪ್ಪವ್ವನದು? ದೊಡ್ಡವರ ಮನಸ್ಸಿಗೆ ಒಂದು ಗೀರು ಬೀಳಬಾರದು ಎಂದು ಸಣ್ಣವರ ಬದುಕನ್ನು ಅವರ ಬೆರಳ ತುದಿಯಲ್ಲಿ ಇಟ್ಟಿರುತ್ತೇವೆ, ಅದಕ್ಕೆ ಸಂಸ್ಕಾರ ಎಂದು ಹೆಸರು ಕೊಟ್ಟಿರುತ್ತೇವೆ. ನಮ್ಮನ್ನು ಯಾರೋ ತುಳಿದರು ಎಂದು ಎಷ್ಟು ಕಾಲ ಹೇಳುತ್ತೀರಿ? ಹೌದು, ತುಳಿದರು. ಆದರೆ ಒಂದು ಹೊಸ ಮನೆ ಸಿಕ್ಕಿತು, ಗೋಡೆ ಇಲ್ಲದ ಮನೆ, ಯಾರ ನೆರಳೂ ಯಾರನ್ನೂ ಮೈಲಿಗೆ ಮಾಡದ ಮನೆ. ಅದರ ಬಾಗಿಲಲ್ಲಿ ಯಂತ್ರವೊಂದು ನಿಂತು ಕೇಳಿತು, ಯಾರಿಗೆ ಎಷ್ಟು ಎಂದು. ನಮ್ಮ ಬಾಯಿಂದ ಬಂದದ್ದು ಅದೇ ಹಳೆಯ ಉತ್ತರ. ಯಾರೂ ನಮ್ಮ ಕತ್ತು ಹಿಡಿದು ಹೇಳಿಸಲಿಲ್ಲ.

ಈ ಪ್ರವಚನ ಕೇಳಿ ನೀವು ಬದಲಾಗುತ್ತೀರಿ ಎಂದು ನಾನು ನಂಬಿಲ್ಲ. ಇಂಥ ಕಥೆ ಹೇಳಿ, ಜನ ಅತ್ತು, ಊಟ ಮಾಡಿ, ಮನೆಗೆ ಹೋದದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಆದರೂ ಹೇಳದೆ ಕೆಳಗಿಳಿಯಲು ಆಗುವುದಿಲ್ಲ. ಆದ್ದರಿಂದ ಕೇಳಿ.

ನಾಳೆ ಬೆಳಿಗ್ಗೆ ಕಚೇರಿ ತೆರೆದ ಕೂಡಲೇ, ಹೂ ಏರಿಸುವ ಮುಂಚೆ, ಯಾರ ಯಾರ ಖಾತೆ ಇದೆ ಎಂದು ಕೇಳಿ ತೆಗೆಸಿ. ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ ಕೇಳಿ: ಇವರು ಇಲ್ಲಿ ಮಾಡುವ ಕೆಲಸ ಏನು? ಕೆಲಸ ಇಲ್ಲದವರ ಖಾತೆ ಮುಚ್ಚಿ. ದಾನಿಯಾದರೂ ಸರಿ, ಅಧ್ಯಕ್ಷರಾದರೂ ಸರಿ, ನಿಮ್ಮ ಬೀಗರಾದರೂ ಸರಿ. ಎಲ್ಲರಿಗೂ ಒಂದೇ ಪಾಸ್‌ವರ್ಡು ಎಂಬ ಆ ಕೂಡಿಕುಟುಂಬದ ಪದ್ಧತಿ ಬಿಡಿ, ತಪ್ಪಾದಾಗ ಅಲ್ಲಿ ಎಲ್ಲರೂ ಇರುತ್ತಾರೆ, ಯಾರೂ ಇರುವುದಿಲ್ಲ. ಬರೆಯುವವರಿಗೆ ಬರೆಯುವಷ್ಟು ಕೊಡಿ. ಅಳಿಸುವ ಅಧಿಕಾರವನ್ನು ಒಬ್ಬರ ಕೈಗೆ ಬಿಡಬೇಡಿ. ಎಲ್ಲೋ ಇದೆಯಲ್ಲ ಎಂದು ಕೈಯಲ್ಲಿದ್ದ ಪ್ರತಿಯನ್ನು ಬಿಸಾಡಬೇಡಿ. ನಿಮ್ಮ ಮನೆಯಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ, ಶಾಲೆಯ ಸಮಿತಿಯಲ್ಲಿ, ಎಲ್ಲ ಕಡೆ ಇದೇ. ಯಾರ ನೋವು ಅಲ್ಲಿ ಇಟ್ಟಿದ್ದೀರೋ ಅವರು ಅದರ ಒಡೆಯರು. ಅವರಿಗೆ ಓದಲು ಬರದಿದ್ದರೆ ಪಕ್ಕದಲ್ಲಿ ಕೂತು ಕಲಿಸಿ, ಗುಂಡಿ ಯಾವುದು ಎಂದು ಬೆರಳು ಹಿಡಿದು ತೋರಿಸಿ. ಕಲಿಸುವಷ್ಟು ಪುರುಸೊತ್ತು ಇಲ್ಲದಿದ್ದರೆ ಅವರ ನೋವನ್ನು ನಿಮ್ಮ ಸೈಟಿನಲ್ಲಿ ಇಡಬೇಡಿ.

ಇದಿಷ್ಟನ್ನು ಮಾಡುವಾಗ ದೊಡ್ಡವರೊಬ್ಬರು ಮುಖ ಗಂಟಿಕ್ಕುತ್ತಾರೆ. ನಿಮ್ಮ ಕೈ ನಡುಗುತ್ತದೆ. ನಡುಗಲಿ. ನಡುಗುವ ಕೈಯಿಂದಲೇ ಅವರ ಹೆಸರು ತೆಗೆಯಿರಿ.